ಪೂರ್ವಕವಿಸ್ತುತಿಯೂ ಕುಕವಿನಿಂದೆಯೂ: ಡೆಕ್ಸಿಸ್ ಗೋಷ್ಠಿಯ ಮೊದಲ ಗಾನಸಂಪುಟ

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದಲ್ಲಿ 1978ರಲ್ಲಿ ಕೂಡಿಕೊಂಡ ‘ಡೆಕ್ಸಿಸ್ ಮಿಡ್‌ನೈಟ್ ರನ್ನರ್ಸ್’ ಎಂಬ ರಾಕ್ ಗೋಷ್ಠಿಯು ತನ್ನ ಮೊದಲ ಗಾನಸಂಪುಟವನ್ನು 1980ನೆಯ ಇಸವಿಯ ಜುಲೈ ತಿಂಗಳಲ್ಲಿ ಪ್ರಕಟಿಸಿತು. ‘ಸರ್ಚಿಂಗ್ ಫಾರ್ ದಿ ಯಂಗ್ ಸೋಲ್ ರೆಬೆಲ್ಸ್’ ಎಂದು ಅದಕ್ಕೆ ಹೆಸರು. ಸೋಲ್ ಎಂಬ ಗಾನರೀತಿಗೆ ಮನಸೋತು ಲೋಕರೂಢಿಗೆ ತಿರುಗಿಬಿದ್ದ ತರುಣರನ್ನು ಅರಸುವುದು ಎಂದು ಆ ಹೆಸರಿನ ಅರ್ಥವನ್ನು ಸ್ಥೂಲವಾಗಿ ಬಿಡಿಸಬಹುದು. ಹನ್ನೊಂದು ರಚನೆಗಳುಳ್ಳ ಈ ಸಂಪುಟವು ಬ್ರಿಟನ್ನಿನ ಮಾರಾಟದ ಪಟ್ಟಿಯಲ್ಲಿ ಆರನೆಯ ಸ್ಥಾನಕ್ಕೆ ಏರಿತು. ಕುಣಿತಕ್ಕೆ ಒದಗುವ ಹುರುಪಿನ ವಾದ್ಯಮೇಳವೆಂದು ಇದನ್ನು ಮೆಚ್ಚುವವರುಂಟು; ಯೌವನದ ಕೋಪ ಮೈದಾಳಿದ ಕೃತಿಯೆಂದು ಮೆಚ್ಚುವವರೂ ಉಂಟು. ಎರಡು ಮಾತಿನಲ್ಲಿಯೂ ಸತ್ಯವಿದೆ. ಆದರೆ ಸಾಹಿತ್ಯವಿಮರ್ಶೆಯ ಕಣ್ಣಿಗೆ ಈ ಕೃತಿಯಲ್ಲಿ ಬೇರೊಂದು ವಿಶೇಷವು ತೋರುತ್ತದೆ. ಪರರಿಂದ ಎರವಾಗಿ ತಂದ, ಅದೂ ಎರಡು ಮೂರು ಕೈ ದಾಟಿ ಬಂದ ಗಾನರೂಪವೊಂದರಲ್ಲಿ ಗಾಯಕನು ತನ್ನ ಜನರ ಅವಮಾನವನ್ನು, ಆ ಜನರ ಹೆಸರನ್ನೆತ್ತದೆಯೇ, ಕೇಳುವವರ ಎದೆಗೆ ಮುಟ್ಟಿಸಿದ್ದಾನೆ. ಎರವಿನ ರೂಪದಲ್ಲಿ ಸ್ವಂತ ದುಃಖವು ಹಿಡಿಸೀತೆ ಎಂಬುದು ಕಾವ್ಯಮೀಮಾಂಸೆಗೆ ಹಳೆಯ ಪ್ರಶ್ನೆ. ಅದಕ್ಕೆ ಈ ಸಂಪುಟವು ಒಂದು ಉತ್ತರವನ್ನು ಕೊಡುತ್ತದೆ. ಆ ಉತ್ತರದಲ್ಲಿ ಬಿರುಕು ಇಲ್ಲದಿಲ್ಲ.

ಮೊದಲು ರೂಪದ ವಿಚಾರ. ಸೋಲ್ ಎಂಬುದು ಅಮೆರಿಕದ ಕಪ್ಪು ಜನಾಂಗದವರ ಗಾನ. ಅವರ ಚರ್ಚುಗಳ ಪ್ರಾರ್ಥನಾಗಾನದ ಆವೇಶವೇ 1950ರ ಮತ್ತು 1960ರ ದಶಕಗಳಲ್ಲಿ ಲೌಕಿಕವಾದ ಪ್ರೇಮವಿರಹಗಳ ವಸ್ತುವನ್ನು ತಾಳಿ ಈ ರೀತಿಯಾಗಿ ಬೆಳೆಯಿತು. ಡೆಟ್ರಾಯಿಟ್, ಷಿಕಾಗೊ, ಮೆಂಫಿಸ್ ಮೊದಲಾದ ಊರುಗಳಲ್ಲಿ ಮುದ್ರಿತವಾದ ಅಸಂಖ್ಯ ತಟ್ಟೆಗಳಲ್ಲಿ ಕೆಲವು ಲೋಕಪ್ರಸಿದ್ಧವಾದುವು. ಬಹುಭಾಗ ಮಾರಾಟವಾಗದೆ ಮೂಲೆ ಸೇರಿದುವು. ಹೀಗೆ ಮೂಲೆ ಸೇರಿದ ತಟ್ಟೆಗಳಿಗೆ ಇಂಗ್ಲೆಂಡಿನ ಉತ್ತರಭಾಗದ ಮತ್ತು ನಡುನಾಡಿನ ಕೈಗಾರಿಕೆಯ ಊರುಗಳಲ್ಲಿ ಪುನರ್ಜನ್ಮವಾದುದು ಸಂಗೀತದ ಚರಿತ್ರೆಯಲ್ಲಿ ಒಂದು ವಿಚಿತ್ರ ಸಂಗತಿ. ಮ್ಯಾಂಚೆಸ್ಟರಿನ ಟ್ವಿಸ್ಟೆಡ್ ವ್ಹೀಲ್, ವುಲ್ವರ್‌ಹ್ಯಾಂಪ್ಟನ್ನಿನ ಕ್ಯಾಟಕೂಂಬ್ಸ್, ಟನ್‌ಸ್ಟಾಲಿನ ಗೋಲ್ಡನ್ ಟಾರ್ಚ್, 1973ರಿಂದ 1981ರವರೆಗೆ ನಡೆದ ವಿಗನ್ ಕಸೀನೊ ಮುಂತಾದ ನೃತ್ಯಶಾಲೆಗಳಲ್ಲಿ ಗಿರಣಿ ಕಾರ್ಖಾನೆಗಳ ಕೆಲಸದ ತರುಣರು ವಾರದ ದುಡಿಮೆ ಮುಗಿಸಿ ಇರುಳೆಲ್ಲ ಕುಣಿಯುತ್ತಿದ್ದರು. ಕುಣಿಯುತ್ತಿದ್ದುದು ಹೊಸ ಹಾಡಿಗಲ್ಲ; ಅಮೆರಿಕವೇ ಮರೆತುಬಿಟ್ಟಿದ್ದ ದ್ರುತಲಯದ ಹಳೆಯ ಸೋಲ್ ಹಾಡುಗಳಿಗೆ. ತಟ್ಟೆಯು ಎಷ್ಟು ಅಪರೂಪವೋ ಅಷ್ಟು ಅದಕ್ಕೆ ಮಾನ. ಲಂಡನ್ನಿನ ಪತ್ರಿಕಾಲೇಖಕನಾದ ಡೇವ್ ಗಾಡಿನ್ ಎಂಬವನು 1970ರಲ್ಲಿ ಇದಕ್ಕೆ ‘ನಾರ್ದರ್ನ್ ಸೋಲ್’, ಎಂದರೆ ಉತ್ತರದ ಸೋಲ್, ಎಂಬ ಹೆಸರನ್ನು ಬಳಕೆಗೆ ತಂದನು. ಒಂದು ನಾಡಿನಲ್ಲಿ ಹುಟ್ಟಿದ ಗಾನಕ್ಕೆ ಇನ್ನೊಂದು ನಾಡಿನ ಒಂದು ದಿಕ್ಕಿನ ಹೆಸರು ಅಂಟಿಕೊಂಡಿತು. ಮಾರ್ಗವು ಹೊರಗಿನಿಂದ ಬಂದು ದೇಸಿಯಾಗುವುದನ್ನು ಬಲ್ಲ ಕನ್ನಡ ವಿದ್ವಾಂಸರಿಗೆ ಇದು ಅಷ್ಟೇನೂ ಅಪರಿಚಿತವಾದ ವ್ಯಾಪಾರವಲ್ಲ.

ಇರುಳೆಲ್ಲ ಎಚ್ಚರವಿರುವುದಕ್ಕಾಗಿ ಆ ಕುಣಿತಗಾರರಲ್ಲಿ ಅನೇಕರು ಡೆಕ್ಸೆಡ್ರೀನ್ ಎಂಬ ಉತ್ತೇಜಕ ಗುಳಿಗೆಯನ್ನು ನುಂಗುತ್ತಿದ್ದರು. ಗೋಷ್ಠಿಯ ಹೆಸರು ಆ ಗುಳಿಗೆಯಿಂದ ಬಂದುದು. ಆದರೆ ಈ ಗೋಷ್ಠಿಯೊಳಗೆ ಪ್ರದರ್ಶನಕ್ಕೆ ಮುನ್ನ ಮದ್ಯವನ್ನಾಗಲಿ ಮಾದಕವನ್ನಾಗಲಿ ಮುಟ್ಟಬಾರದೆಂಬ ಕಟ್ಟುಪಾಡಿತ್ತು! ಹೆಸರಿಗೂ ನಡತೆಗೂ ಇರುವ ಈ ವಿರೋಧವು ಮುಂದೆ ಬರುವ ಹಲವು ವಿರೋಧಗಳಿಗೆ ಮುನ್ಸೂಚನೆಯಂತಿದೆ.

ಎರಡನೆಯ ಮೂಲವು ಪಂಕ್. 1976, 1977ರ ಸುಮಾರಿನಲ್ಲಿ ಲಂಡನ್ನಿನಲ್ಲಿ ತಲೆಯೆತ್ತಿದ ಈ ಪಂಥದವರು ಹಿಂದಿನ ರಾಕ್ ಗಾಯಕರ ಆಡಂಬರವನ್ನು ತಿರಸ್ಕರಿಸಿ, ಕಲಿಕೆಗಿಂತ ಕೆಚ್ಚನ್ನು ಮುಂದುಮಾಡಿ, ಮೂರು ನಾಲ್ಕು ಸ್ವರಗುಚ್ಛಗಳಲ್ಲಿ ಬಿರುಸಾಗಿ ಹಾಡಿ ಮುಗಿಸುತ್ತಿದ್ದರು. ಗೋಷ್ಠಿಯ ನಾಯಕನಾದ ಕೆವಿನ್ ರೋಲಂಡನೂ ಅವನ ಜೊತೆಗಾರನಾದ ಕೆವಿನ್ ಆರ್ಚರನೂ ಮೊದಲು ‘ಕಿಲ್‌ಜಾಯ್ಸ್’ ಎಂಬ ಪಂಕ್ ಗೋಷ್ಠಿಯಲ್ಲಿದ್ದವರು. ಆ ಗೋಷ್ಠಿಯ ತಟ್ಟೆಯೊಂದು 1977ರಲ್ಲಿ ಬಂದಿತ್ತು. ಅಲ್ಲಿಂದ ಹೊರಬಂದಾಗ ಅವರು ಪಂಕಿನ ಗಿಟಾರ್ ಗದ್ದಲವನ್ನು ಹಿಂದೆ ಬಿಟ್ಟು ಅದರ ಅಸಹನೆಯನ್ನು ಮಾತ್ರ ಕೈಯಲ್ಲಿ ಹಿಡಿದು ಬಂದರೆನ್ನಬೇಕು. ಗಿಟಾರಿನ ಜಾಗದಲ್ಲಿ ಸುಷಿರವಾದ್ಯಗಳು ಮುಂದೆ ಬಂದುವು: ಜಿಮ್ ಪ್ಯಾಟರ್ಸನ್ನನ ಟ್ರಾಂಬೋನ್, ಜೆಫ್ ಬ್ಲೈದನ ಮತ್ತು ಸ್ಟೀವ್ ಸ್ಪೂನರನ ಸ್ಯಾಕ್ಸೊಫೋನುಗಳು. ಈ ಮೂರು ವಾದ್ಯಗಳು ಬೇರೆ ಬೇರೆಯಾಗಿ ಮೆರೆಯುವುದು ಬಹಳ ಕಡಿಮೆ. ಒಂದೇ ಕೊರಳಿನಿಂದ ಹೊರಟಂತೆ, ಸಾಲುಗಟ್ಟಿದ ಜನರು ಒಮ್ಮೆಗೇ ಹೆಜ್ಜೆಯಿಟ್ಟಂತೆ ನುಡಿಯುತ್ತವೆ. ಅವುಗಳ ಹಿಂದೆ ಆರ್ಗನ್ನು, ಕೆಳಗೆ ಪೀಟ್ ವಿಲಿಯಮ್ಸನ ಬೇಸ್ ಗಿಟಾರು. ಮುದ್ರಣವನ್ನು ನಿರ್ದೇಶಿಸಿದ ಪೀಟ್ ವಿಂಗ್‌ಫೀಲ್ಡನು ಸ್ವತಃ ಸೋಲ್ ರೀತಿಯನ್ನು ಬಲ್ಲವನಾದುದರಿಂದ ಮೇಳವು ತಿಳಿಯಾಗಿ ಕೇಳುತ್ತದೆ. ಆದರೂ ಒರಟುತನವನ್ನು ಅವನು ತೊಳೆದುಬಿಟ್ಟಿಲ್ಲ.

ಇನ್ನು ವಸ್ತುವಿನ ವಿಚಾರ. ಇದನ್ನು ತಿಳಿಯಬೇಕಾದರೆ ಗಾಯಕನ ಹುಟ್ಟನ್ನೂ ಆ ಊರಿನ ಅಂದಿನ ಸ್ಥಿತಿಯನ್ನೂ ತಿಳಿದಿರುವುದು ಅವಶ್ಯ. ರೋಲಂಡನು 1953ರಲ್ಲಿ, ಬರ್ಮಿಂಗ್‌ಹ್ಯಾಮಿಗೆ ಸಮೀಪದ ವುಲ್ವರ್‌ಹ್ಯಾಂಪ್ಟನ್ನಿನಲ್ಲಿ, ಐರ್ಲೆಂಡಿನ ಮೇಯೊ ಪ್ರಾಂತದಿಂದ ಬಂದ ತಂದೆತಾಯಿಗಳಿಗೆ ಹುಟ್ಟಿದವನು. ಬಾಲ್ಯದ ಕೆಲವು ವರ್ಷಗಳನ್ನು ಐರ್ಲೆಂಡಿನಲ್ಲಿಯೇ ಕಳೆದನು. ಎರಡನೆಯ ಮಹಾಯುದ್ಧದ ಅನಂತರ ರಸ್ತೆ ಕಟ್ಟಡಗಳ ಕೆಲಸಕ್ಕೂ ಕಾರ್ಖಾನೆಗಳಿಗೂ ಐರಿಷ್ ಜನರು ದೊಡ್ಡ ಸಂಖ್ಯೆಯಲ್ಲಿ ಆ ಸೀಮೆಗೆ ಬಂದು ನೆಲೆಸಿದ್ದರು. 1974ರ ನವೆಂಬರ್ 21ರ ರಾತ್ರಿ ಬರ್ಮಿಂಗ್‌ಹ್ಯಾಮಿನ ಎರಡು ಪಾನಗೃಹಗಳಲ್ಲಿ ಬಾಂಬುಗಳು ಸಿಡಿದು 21 ಮಂದಿ ಸತ್ತರು. ಆ ಘೋರಕೃತ್ಯದ ಕೋಪವು ಊರಿನ ಐರಿಷ್ ಜನರೆಲ್ಲರ ಮೇಲೆ ತಿರುಗಿತು. ಆರು ಮಂದಿ ಐರಿಷರಿಗೆ 1975ರಲ್ಲಿ ಆಜೀವ ಕಾರಾಗೃಹಶಿಕ್ಷೆಯಾಯಿತು. ಆ ತೀರ್ಪು ತಪ್ಪೆಂದು ನ್ಯಾಯಾಲಯವೇ ಒಪ್ಪಿ ಅವರನ್ನು ಬಿಡುಗಡೆ ಮಾಡಿದುದು 1991ರಲ್ಲಿ. ಈ ನಡುವಣ ಕಾಲದಲ್ಲಿ ಐರಿಷ್ ಉಚ್ಚಾರಣೆಯುಳ್ಳವನು ಅಂಗಡಿಯಲ್ಲಿ, ಬಸ್ಸಿನಲ್ಲಿ ಬಾಯಿ ತೆರೆಯುವುದಕ್ಕೆ ಅಳುಕುವಂತಿತ್ತು. ಇದರ ಜೊತೆಗೆ, ಐರಿಷನೆಂದರೆ ಬುದ್ಧಿಯಿಲ್ಲದವನೆಂದು ಹೇಳುವ ನಗೆಚಾಟಿಕೆಗಳು ದೂರದರ್ಶನದಲ್ಲಿಯೂ ಗೆಳೆಯರ ಕೂಟದಲ್ಲಿಯೂ ಹೇರಳವಾಗಿದ್ದುವು. ಇಂಗ್ಲೆಂಡಿನಲ್ಲಿ ಹುಟ್ಟಿ ಅಲ್ಲಿಯ ಉಚ್ಚಾರಣೆಯನ್ನೇ ಕಲಿತ ಐರಿಷ್ ಮಕ್ಕಳಿಗೆ ಬಾಯಿಮುಚ್ಚಿಕೊಂಡು ಅವರಲ್ಲಿ ಒಂದಾಗಿಬಿಡುವ ಅವಕಾಶವಿತ್ತು. ಆ ಅವಕಾಶವೇ ಅವರ ಸಂಕಟ.

ಸಂಪುಟದ ಆರಂಭವು ಆಕಾಶವಾಣಿಯ ಪೆಟ್ಟಿಗೆಯ ಗರಗರ ಸದ್ದಿನಿಂದ. ಯಾರೋ ಗುಂಡಿಯನ್ನು ತಿರುಗಿಸುತ್ತಿದ್ದಾರೆ. ಸದ್ದಿನ ನಡುವೆ ಮೂರು ಹಾಡುಗಳ ತುಣುಕುಗಳು ಬಂದು ಹೋಗುತ್ತವೆ. ಮೊದಲನೆಯದು ಡೀಪ್ ಪರ್ಪಲ್ ಗೋಷ್ಠಿಯದು, ಎಂದರೆ 1970ರ ದಶಕದ ಮೊದಲಿನ ಭಾರಿ ರಾಕ್. ಎರಡನೆಯದು ಸೆಕ್ಸ್ ಪಿಸ್ಟಲ್ಸ್ ಗೋಷ್ಠಿಯದು, 1977ರ ಪಂಕ್. ಮೂರನೆಯದು ನೆರೆಯೂರಾದ ಕವೆಂಟ್ರಿಯ ಸ್ಪೆಷಲ್ಸ್ ಗೋಷ್ಠಿಯದು, ಅದೇ 1980ರ ಹಾಡು. ಈ ಸ್ಪೆಷಲ್ಸ್ ಗೋಷ್ಠಿಯ ಸಂಗಡ ಡೆಕ್ಸಿಸಿನವರು 1979ರಲ್ಲಿ ಊರೂರು ತಿರುಗಿ ಹಾಡಿದ್ದರು. ಹಳಬರು, ತಮಗೆ ದಾರಿ ತೋರಿದವರು, ಸ್ವಂತ ಸ್ನೇಹಿತರು—ಮೂವರನ್ನೂ ಒಂದೇ ಗುಂಡಿಯ ತಿರುವಿನಲ್ಲಿ ದಾಟಿ, ಗೋಷ್ಠಿಯವರು ಒಬ್ಬರನ್ನೊಬ್ಬರು ಕೂಗಿ ಕರೆದು, ಎಲ್ಲವನ್ನೂ ಸುಟ್ಟುಬಿಡೋಣವೆಂದು ಮೊದಲ ಹಾಡಿಗೆ ಕೈಹಾಕುತ್ತಾರೆ.

ಆ ಮೊದಲ ಹಾಡಾದ ‘ಬರ್ನ್ ಇಟ್ ಡೌನ್’ ಎಂಬುದು 1979ರಲ್ಲಿ ‘ಡ್ಯಾನ್ಸ್ ಸ್ಟಾನ್ಸ್’ ಎಂಬ ಹೆಸರಿನಿಂದ ಬಿಡಿತಟ್ಟೆಯಾಗಿ ಬಂದಿದ್ದುದೇ. ಇದರ ಪಲ್ಲವಿಯು ಸಾಹಿತ್ಯದ ಅಧ್ಯಾಪಕರನ್ನು ಬೆರಗುಗೊಳಿಸತಕ್ಕುದು. ಅದರಲ್ಲಿ ಕ್ರಿಯಾಪದವೇ ಇಲ್ಲವೆನ್ನುವಷ್ಟು ವಿರಳ. ಇರುವುದೆಲ್ಲ ಗ್ರಂಥಕರ್ತರ ಹೆಸರುಗಳು. ಷಾ, ವೈಲ್ಡ್, ಬೀಹನ್, ಬೆಕೆಟ್, ಓಕೇಸಿ, ಸ್ಟರ್ನ್, ಅಮೆರಿಕದ ನಾಟಕಕಾರ ಓನೀಲ್, ಕಾದಂಬರಿಗಾರ್ತಿ ಎಡ್ನ ಓಬ್ರಿಯನ್ ಮುಂತಾದವರ ಹೆಸರುಗಳು ಒಂದರ ಹಿಂದೊಂದು ಮೆರವಣಿಗೆಯಾಗಿ ಸಾಗುತ್ತವೆ. ಐರಿಷರು ದಡ್ಡರೆಂಬ ಚಾಟಿಕೆಗೆ ಇದು ಉತ್ತರ. ಉತ್ತರದಲ್ಲಿ ವಾದವಿಲ್ಲ, ವಿವರಣೆಯಿಲ್ಲ. ಇವರನ್ನು ಓದಿಬಲ್ಲೆಯಾ, ಬಲ್ಲದವನು ಬಾಯಿಮುಚ್ಚು ಎಂಬ ತಾತ್ಪರ್ಯ ಮಾತ್ರ ಇದೆ. ಐರ್ಲೆಂಡ್ ಎಂಬ ನಾಡಿನ ಹೆಸರನ್ನು ಹಾಡು ಎತ್ತುವುದೇ ಇಲ್ಲ. ಪಟ್ಟಿಯ ಹಿಂದಿರುವ ಸೂತ್ರವೇನೆಂದು ತಿಳಿದವನಿಗೆ ತಿಳಿಯುತ್ತದೆ. ತಿಳಿಯದವನೇ ಹಾಡಿನ ಗುರಿ.

ಕನ್ನಡದ ಚಂಪೂಕವಿಗಳು ಗ್ರಂಥಾರಂಭದಲ್ಲಿ ಪೂರ್ವಕವಿಗಳನ್ನು ಹೆಸರಿಸಿ ಸ್ತುತಿಸುವುದು, ಹಾಗೆಯೇ ಕುಕವಿಗಳನ್ನು ಹಳಿಯುವುದು, ವಿದ್ವಾಂಸರಿಗೆ ಚೆನ್ನಾಗಿ ತಿಳಿದ ಸಂಪ್ರದಾಯ. ರೋಲಂಡನಿಗೆ ಆ ಸಂಪ್ರದಾಯದ ಗಂಧವಿಲ್ಲವಾದರೂ ಅವನ ಸಂಪುಟವು ಪೂರ್ವಕವಿಸ್ತುತಿಯಿಂದ ಮೊದಲಾಗಿ ಕುಕವಿನಿಂದೆಯಿಂದ ಮುಗಿಯುತ್ತದೆ. ಹೋಲಿಕೆಯನ್ನು ಬಹುದೂರ ಎಳೆಯುವುದು ಯುಕ್ತವಲ್ಲ. ಆದರೆ ಭೇದವನ್ನು ಕಾಣುವುದಕ್ಕೆ ಹೋಲಿಕೆ ಒದಗುತ್ತದೆ. ಚಂಪೂಕವಿಯು ಪೂರ್ವಕವಿಗಳ ಸಾಲಿನಲ್ಲಿ ತನಗೊಂದು ಪೀಠವನ್ನು ಹಾಕಿಕೊಳ್ಳುವುದಕ್ಕಾಗಿ ಅವರನ್ನು ನೆನೆಯುತ್ತಾನೆ. ಇಲ್ಲಿಯ ಗಾಯಕನು ತಾನು ಅವರ ಸಾಲಿನವನೆಂದು ಹೇಳಿಕೊಳ್ಳುವುದಿಲ್ಲ. ಅವರನ್ನು ಗುರಾಣಿಯಂತೆ ಮುಂದೆ ಹಿಡಿಯುತ್ತಾನೆ. ಪಟ್ಟಿಯಲ್ಲಿ ಯಾರು ಇದ್ದಾರೆಂಬುದೂ ವಿಚಾರಯೋಗ್ಯ. ಯೇಟ್ಸನಿಲ್ಲ, ಜಾಯ್ಸನಿಲ್ಲ. ಇರುವವರಲ್ಲಿ ಷಾ, ವೈಲ್ಡ್, ಬೆಕೆಟ್, ಓಕೇಸಿ, ಓಬ್ರಿಯನ್ ಇವರೆಲ್ಲ ಸ್ವದೇಶವನ್ನು ಬಿಟ್ಟು ಬೇರೆ ಕಡೆ ನೆಲೆಸಿದವರು. ಸ್ಟರ್ನನು ಇಂಗ್ಲಿಷ್ ಸೈನ್ಯಾಧಿಕಾರಿಯ ಮಗನಾಗಿ ಕ್ಲಾನ್‌ಮೆಲಿನಲ್ಲಿ ಹುಟ್ಟಿದ ಮಾತ್ರಕ್ಕೆ ಐರಿಷನೆನಿಸಿದವನು. ಓನೀಲನಂತೂ ನ್ಯೂಯಾರ್ಕಿನಲ್ಲಿಯೇ ಹುಟ್ಟಿದವನು. ಐರಿಷ್ ವಂಶದಲ್ಲಿ ಪರದೇಶದಲ್ಲಿ ಹುಟ್ಟಿದ ಮಗು. ಆ ಮಗುವೂ ನಮ್ಮವನೇ ಎಂದು ಪಟ್ಟಿಯು ಸೇರಿಸಿಕೊಳ್ಳುವಾಗ ವುಲ್ವರ್‌ಹ್ಯಾಂಪ್ಟನ್ನಿನಲ್ಲಿ ಹುಟ್ಟಿದ ಇನ್ನೊಂದು ಮಗುವಿಗೂ ಸದ್ದಿಲ್ಲದೆ ಜಾಗವಾಗುತ್ತದೆ. ಗಾಯಕನು ಇದನ್ನೆಲ್ಲ ಎಣಿಸಿ ಮಾಡಿದನೆಂದು ಹೇಳುವುದಕ್ಕಿಲ್ಲ. ಎಣಿಸದೆ ಆದುದಾದರೆ ಅದು ಮತ್ತಷ್ಟು ಬೆಲೆಯುಳ್ಳದ್ದು.

ಈ ಹೆಸರುಗಳನ್ನು ಅವನು ಉಚ್ಚರಿಸುವ ಬಗೆ ಇನ್ನೂ ವಿಚಿತ್ರ. ಕೆಚ್ಚಿನಿಂದ ಘೋಷಿಸಬೇಕಾದುದನ್ನು ಗಂಟಲು ಕಟ್ಟಿದವನಂತೆ, ಅಳುವಿಗೂ ಹಾಡಿಗೂ ನಡುವೆ ಸಿಕ್ಕಿಕೊಂಡವನಂತೆ ಹಾಡುತ್ತಾನೆ. ಸಂಪುಟದ ಉದ್ದಕ್ಕೂ ಇದೇ ರೀತಿ. ಪದಗಳು ನುಂಗಿಹೋಗುತ್ತವೆ, ಅರ್ಥವನ್ನು ಹಿಡಿಯುವುದಕ್ಕೆ ಇಂಗ್ಲಿಷರೇ ಎರಡು ಮೂರು ಸಲ ಕೇಳಬೇಕು. ಇದನ್ನು ದೋಷವೆಂದು ಎಣಿಸುವವರು ಹಲವರು, ಮತ್ತು ಕೆಲವು ಹಾಡುಗಳಲ್ಲಿ ಇದು ಬರಿಯ ವರಸೆಯಾಗಿ ಇಳಿದಿರುವುದು ನಿಜ. ಆದರೆ ‘ಬರ್ನ್ ಇಟ್ ಡೌನ್’ ಹಾಡಿನಲ್ಲಿ ಈ ಗದ್ಗದಕ್ಕೆ ಔಚಿತ್ಯವಿದೆ. ಆ ಕಂಠವು ಐರಿಷ್ ಉಚ್ಚಾರಣೆಯದಲ್ಲ, ಬರ್ಮಿಂಗ್‌ಹ್ಯಾಮಿನದಲ್ಲ, ಅಮೆರಿಕದ ಕಪ್ಪು ಗಾಯಕರದೂ ಪೂರ್ತಿಯಾಗಿ ಅಲ್ಲ. ಬಾಯಿ ತೆರೆದರೆ ಯಾವ ಊರಿನವನೆಂದು ಗೊತ್ತಾಗಿಬಿಡುತ್ತದೆಂಬ ಅಳುಕಿನ ನಡುವೆ ಬೆಳೆದ ಜನರಿಗೆ, ಯಾವ ಊರಿಗೂ ಸೇರದ ಕಂಠವೊಂದನ್ನು ಅವನು ಹೊಸದಾಗಿ ಕಟ್ಟಿಕೊಟ್ಟನು. ಕಟ್ಟಿದ ಕಂಠವಾದ್ದರಿಂದ ಅದು ಕೃತಕ. ಆದರೆ ಆ ಕಂಠದ ಕೃತಕತೆಗೆ ಕಾರಣವಾದ ನೋವು ಕೃತಕವಲ್ಲ.

ರಸವು ತನ್ನ ಹೆಸರಿನಿಂದಲೇ ಹೇಳಲ್ಪಟ್ಟರೆ ಸಹೃದಯನಿಗೆ ಆಸ್ವಾದವಾಗುವುದಿಲ್ಲವೆಂದು ಆನಂದವರ್ಧನನು ‘ಧ್ವನ್ಯಾಲೋಕ’ದಲ್ಲಿ ವಾದಿಸುತ್ತಾನೆ. ಶೋಕವೆಂಬ ಪದವನ್ನು ಎಷ್ಟು ಸಲ ಉಚ್ಚರಿಸಿದರೂ ಶೋಕವು ಹುಟ್ಟದು. ವಿಭಾವಾದಿಗಳಿಂದ ಅದು ವ್ಯಂಗ್ಯವಾಗಬೇಕು. ಈ ಸಂಪುಟಕ್ಕೆ ಆ ಮಾತು ಬಹುಮಟ್ಟಿಗೆ ಸಲ್ಲುತ್ತದೆ. ಹನ್ನೊಂದು ರಚನೆಗಳಲ್ಲಿ ಐರಿಷ್ ಜಾನಪದದ ಒಂದು ಮಟ್ಟಾಗಲಿ, ಪಿಟೀಲಾಗಲಿ, ಕೊಳಲಾಗಲಿ ಇಲ್ಲ. ಎಲ್ಲವೂ ಸೋಲ್ ಮೇಳದ ಗತ್ತು. ಐರ್ಲೆಂಡು ಇರುವುದು ಸಂಪುಟದ ಅಂಚುಗಳಲ್ಲಿ: ಮೊದಲ ಹಾಡಿನ ಹೆಸರುಗಳಲ್ಲಿ ಮತ್ತು ಹೊರಹೊದಿಕೆಯ ಚಿತ್ರದಲ್ಲಿ. ಹಸುರು ಛಾಯೆಯ ಆ ಚಿತ್ರವು 1971ರಲ್ಲಿ ಬೆಲ್‌ಫಾಸ್ಟ್ ನಗರದ ಗಲಭೆಯ ಕಾಲದಲ್ಲಿ ತೆಗೆದ ಪತ್ರಿಕಾಛಾಯಾಚಿತ್ರ. ಮನೆಯನ್ನು ಬಿಟ್ಟು ಹೊರಟ ಕ್ಯಾಥೊಲಿಕ್ ಕುಟುಂಬದ ಬಾಲಕನೊಬ್ಬನು ಗಂಟುಮೂಟೆಗಳನ್ನು ಹೊತ್ತು ನಡೆಯುತ್ತಿದ್ದಾನೆ, ಸುತ್ತಲೂ ಜನ. ಒಳಗಿನ ಯಾವ ಹಾಡೂ ಈ ಬಾಲಕನನ್ನು ಕುರಿತದ್ದಲ್ಲ. ಆದರೂ ಹೊದಿಕೆಯನ್ನು ನೋಡುತ್ತ ಎರಡನೆಯ ಹಾಡಾದ ‘ಟೆಲ್ ಮಿ ವ್ಹೆನ್ ಮೈ ಲೈಟ್ ಟರ್ನ್ಸ್ ಗ್ರೀನ್’ ಎಂಬುದನ್ನು ಕೇಳಿದಾಗ, ಇಪ್ಪತ್ತಮೂರು ವರ್ಷದ ತರುಣನು ತನ್ನ ದಾರಿಯ ದೀಪ ಯಾವಾಗ ಹಸುರಾದೀತೆಂದು ಕೇಳುವಾಗ, ಆ ಹಸುರು ಬೀದಿಯ ದೀಪದ ಹಸುರಷ್ಟೇ ಆಗಿ ಉಳಿಯುವುದಿಲ್ಲ. ಐರ್ಲೆಂಡಿನ ಬಣ್ಣವೂ ಹಸುರೇ. ಶ್ಲೇಷವನ್ನು ಕವಿಯು ಉದ್ದೇಶಿಸಿದನೋ ಇಲ್ಲವೋ, ಹೊದಿಕೆಯು ಅದನ್ನು ಒದಗಿಸಿಕೊಟ್ಟಿದೆ.

ಇಲ್ಲಿಯವರೆಗಿನದು ಒಂದು ಋಣದ ಕಥೆ, ಇನ್ನೊಂದು ಋಣವಿದೆ. ಈ ರೂಪವನ್ನು ಕೊಟ್ಟವರು ಕಪ್ಪು ಗಾಯಕರು; ಗೋಷ್ಠಿಯಲ್ಲಿ ಇರುವವರೆಲ್ಲ ಬಿಳಿಯರು. ಆ ಋಣವನ್ನು ನೆನೆಯುವುದು ‘ಜೀನೊ’ ಎಂಬ ಹಾಡು. 1980ರ ಮೇ ತಿಂಗಳಲ್ಲಿ ಬ್ರಿಟನ್ನಿನ ಪಟ್ಟಿಯಲ್ಲಿ ಮೊದಲ ಸ್ಥಾನವನ್ನು ಪಡೆದು ಗೋಷ್ಠಿಗೆ ಕೀರ್ತಿ ತಂದುದು ಇದೇ. ಜೀನೊ ವಾಷಿಂಗ್ಟನ್ ಎಂಬವನು ಅಮೆರಿಕದ ಇಂಡಿಯಾನಾ ಪ್ರಾಂತದವನು. ವಾಯುಸೇನೆಯ ಉದ್ಯೋಗದಲ್ಲಿ ಇಂಗ್ಲೆಂಡಿಗೆ ಬಂದು, ‘ರಾಮ್ ಜಾಮ್ ಬ್ಯಾಂಡ್’ ಎಂಬ ಮೇಳದ ಮುಂದೆ ನಿಂತು 1960ರ ದಶಕದ ನಡುವಿನಲ್ಲಿ ಇಂಗ್ಲಿಷ್ ನೃತ್ಯಶಾಲೆಗಳನ್ನು ನಡುಗಿಸಿದವನು. ಡೆಕ್ಸಿಸಿನ ಜೆಫ್ ಬ್ಲೈದನು ಹಿಂದೆ ಅವನ ಮೇಳದಲ್ಲಿ ಊದಿದವನು; ಹೀಗಾಗಿ ಋಣವು ಬರಿಯ ಭಾವನೆಯದಲ್ಲ, ಮೈಯುಸಿರಿನದೂ ಹೌದು. ಹಾಡಿನಲ್ಲಿ ನಾಯಕನು 1968ರ ಒಂದು ರಾತ್ರಿಯನ್ನು ನೆನೆಯುತ್ತಾನೆ. ಕಿಕ್ಕಿರಿದ ಸಭೆ, ಬೆವರು, ಗಾಯಕನ ಹೆಸರನ್ನು ಕೂಗುವ ಜನ. ಅವರ ನಡುವೆ ಒಬ್ಬ ಹುಡುಗ. ಆ ಕೂಗನ್ನೇ ಹಾಡಿನ ಪಲ್ಲವಿಯಾಗಿ ಮಾಡಿರುವುದು ಬಹು ಸೊಗಸಾದ ಕಲ್ಪನೆ. ಕೇಳುಗನು ತನಗೆ ತಿಳಿಯದೆಯೇ ಹನ್ನೆರಡು ವರ್ಷದ ಹಿಂದಿನ ಸಭೆಯೊಳಗೆ ನಿಂತು ಆ ಹೆಸರನ್ನು ಕೂಗುತ್ತಿರುತ್ತಾನೆ.

1968 ಎಂಬ ಇಸವಿಗೆ ಆ ಸೀಮೆಯಲ್ಲಿ ಬೇರೊಂದು ನೆನಪೂ ಇದೆ. ವುಲ್ವರ್‌ಹ್ಯಾಂಪ್ಟನ್ನಿನ ಪ್ರತಿನಿಧಿಯಾಗಿ ಪಾರ್ಲಿಮೆಂಟಿನಲ್ಲಿದ್ದ ಈನಾಕ್ ಪವೆಲನು ಕಪ್ಪು ಜನರ ಮತ್ತು ಏಷ್ಯದವರ ವಲಸೆಗೆ ವಿರೋಧವಾಗಿ ತನ್ನ ಕುಪ್ರಸಿದ್ಧ ಭಾಷಣವನ್ನು ಮಾಡಿದುದು ಅದೇ ವರ್ಷದ ಏಪ್ರಿಲ್ 20ರಂದು, ಬರ್ಮಿಂಗ್‌ಹ್ಯಾಮಿನಲ್ಲಿ. ಹಾಡು ಇದನ್ನು ಹೇಳುವುದಿಲ್ಲ. ವಲಸೆಗಾರರ ಮಗನಾದ ಬಿಳಿಯ ಹುಡುಗನು ಅದೇ ವರ್ಷ ಕಪ್ಪು ಗಾಯಕನ ಮುಂದೆ ಕೈಯೆತ್ತಿ ಕೂಗಿದನೆಂಬಷ್ಟೇ ಅದರಲ್ಲಿದೆ, ಮತ್ತು ಅಷ್ಟು ಸಾಕು.

ಆದರೆ ‘ಜೀನೊ’ ಬರಿಯ ಸ್ತುತಿಯಾಗಿ ಕೊನೆಗೊಳ್ಳುವುದಿಲ್ಲ. ಕೊನೆಗೆ ಬಂದಂತೆ ನಾಯಕನು ತನ್ನ ಗುರುವಿನ ಕಾಲ ಮುಗಿಯಿತೆಂದೂ ಅವನ ಹಾಡು ಸಪ್ಪೆಯಾಯಿತೆಂದೂ ಹೇಳಿ, ಈಗ ಜನರ ಕೂಗು ತನಗೆಂಬಂತೆ ನಿಲ್ಲುತ್ತಾನೆ. ಶಿಷ್ಯನಿಂದ ಸೋಲುವುದನ್ನು ಗುರುವು ಬಯಸಬೇಕೆಂಬ ಮಾತು ಭಾರತೀಯರಿಗೆ ಹೊಸದಲ್ಲವಾದರೂ, ಸೋತೆಯೆಂದು ಶಿಷ್ಯನೇ ಗುರುವಿನ ಮುಖದೆದುರು ಸಾರುವುದು ಸೌಜನ್ಯವಲ್ಲ. ಐರಿಷ್ ಗ್ರಂಥಕರ್ತರನ್ನು ಕುರಿತು ಇಂತಹ ಮಾತು ಎಲ್ಲಿಯೂ ಇಲ್ಲ. ಅವರು ಪಟ್ಟಿಯಲ್ಲಿ ಅಕ್ಷಯರಾಗಿ ಇರುತ್ತಾರೆ. ಕಪ್ಪು ಗುರುವು ಮಾತ್ರ ಏರಿ ದಾಟುವ ಮೆಟ್ಟಿಲಾಗುತ್ತಾನೆ. ಈ ತಾರತಮ್ಯವನ್ನು ಅಹಂಕಾರವೆಂದು ಕರೆದು ಬಿಡುವುದು ಸುಲಭ. ಹಾಡಿನ ಪ್ರಾಮಾಣಿಕತೆಯೂ ಅಲ್ಲಿಯೇ ಇದೆಯೆಂಬುದನ್ನು ಮರೆಯಬಾರದು. ಎರವು ತಂದವನಿಗೆ ಕೊಟ್ಟವನ ಮುಖವನ್ನು ನೋಡಲು ಆಗದಿರುವ ಸಂಕೋಚವು ಅನೇಕ ವೇಳೆ ಇಂತಹ ಒರಟು ಮಾತಾಗಿಯೇ ಹೊರಬೀಳುತ್ತದೆ.

ಉಳಿದ ರಚನೆಗಳಲ್ಲಿ ಕೆಲವನ್ನು ಬೇಗ ದಾಟಬಹುದು. ಚಕ್ ವುಡ್ ಎಂಬ ಅಮೆರಿಕನ್ನನು 1967ರಲ್ಲಿ ಹಾಡಿದ್ದ ‘ಸೆವೆನ್ ಡೇಸ್ ಟೂ ಲಾಂಗ್’ ಎಂಬುದು ಉತ್ತರದ ನೃತ್ಯಶಾಲೆಗಳ ಪ್ರೀತಿಯ ಹಾಡು. ಇಲ್ಲಿ ಅದರ ಅನುಗಾನ ಅಚ್ಚುಕಟ್ಟಾಗಿದೆ, ಅದಕ್ಕಿಂತ ಹೆಚ್ಚೇನೂ ಇಲ್ಲ. ‘ಲವ್ ಪಾರ್ಟ್ ಒನ್’ ಎಂಬುದು ಸ್ಯಾಕ್ಸೊಫೋನಿನ ಹಿನ್ನೆಲೆಯಲ್ಲಿ ಓದಿದ ಕವಿತೆ. ಪ್ರೇಮವೆಂಬುದೇ ಸುಳ್ಳೆಂಬ ಅದರ ವಾದವು ಹದಿಹರೆಯದ ಮಟ್ಟವನ್ನು ದಾಟುವುದಿಲ್ಲ. ‘ಥ್ಯಾಂಕ್‌ಫುಲಿ ನಾಟ್ ಲಿವಿಂಗ್ ಇನ್ ಯಾರ್ಕ್‌ಷೈರ್’ ಎಂದು ಮೊದಲಾಗುವ ಉದ್ದ ಹೆಸರಿನ ಹಾಡಿನಲ್ಲಿ ಹೆಸರೇ ಹಾಡಿಗಿಂತ ಸ್ವಾರಸ್ಯವಾಗಿದೆ. ‘ದಿ ಟೀಮ್ಸ್ ದಟ್ ಮೀಟ್ ಇನ್ ಕ್ಯಾಫ್ಸ್’ ಎಂಬುದನ್ನು ಮಾತ್ರ ಹಾಗೆ ಬಿಡಲಾಗದು. ಆರ್ಚರನು ಕಟ್ಟಿದ ಈ ರಚನೆಯಲ್ಲಿ ಮಾತಿಲ್ಲ. ಕೂಲಿಕೆಲಸದವರು ಕೂತು ಚಹ ಕುಡಿಯುವ ಅಗ್ಗದ ಹೋಟೆಲುಗಳ ಗುಂಪುಗಳು ಎಂದು ಹೆಸರಿನ ಅರ್ಥ. ಸುಷಿರವಾದ್ಯಗಳು ಒಂದು ನಿಡಿದಾದ ಮಟ್ಟನ್ನು ಸಾವಧಾನವಾಗಿ ಎತ್ತಿ ಸಾಗಿಸುತ್ತವೆ. ಅದರಲ್ಲಿ ಕೋಪವಿಲ್ಲ. ರೋಲಂಡನ ಮಾತು ಎಲ್ಲಿಯೂ ತಲುಪಲಾರದ ಸಮಾಧಾನವನ್ನು ಮಾತಿಲ್ಲದ ಮೇಳವು ಇಲ್ಲಿ ತಲುಪಿದೆ. ಸಂಪುಟದಲ್ಲಿ ಸ್ನೇಹವೆಂಬುದು ಇದ್ದರೆ ಅದು ಇದರಲ್ಲಿ.

ಕೊನೆಯ ಹಾಡಾದ ‘ದೇರ್, ದೇರ್, ಮೈ ಡಿಯರ್’ ರಾಬಿನ್ ಎಂಬವನಿಗೆ ಬರೆದ ಪತ್ರದ ರೂಪದಲ್ಲಿದೆ. ಈ ರಾಬಿನನು ಹೊಸ ಸಂಗೀತದ ವಲಯದಲ್ಲಿ ಓಡಾಡುವ, ಬಲ್ಲವನೆನಿಸಿಕೊಳ್ಳುವ ಚಪಲವುಳ್ಳ, ಸದಾ ಸುಖಿಯಾದ ಮನುಷ್ಯ. ಅವನನ್ನು ಹಳಿಯುವಾಗ ಗಾಯಕನು ಎತ್ತುವ ಮುಖ್ಯ ಆಕ್ಷೇಪಣೆಯೆಂದರೆ ಅವನು ದೊಡ್ಡ ಹೆಸರುಗಳನ್ನು ಉದುರಿಸುತ್ತಾನೆಂಬುದು: ಬರೋಸ್, ಬ್ಯಾಲರ್ಡ್, ಡ್ಯೂಷಾಂ, ಕೀರ್ಕೆಗಾರ್ಡ್ ಮುಂತಾದವರ ಹೆಸರುಗಳು! ಸಂಪುಟದ ಹೆಸರಿಗೆ ಮೂಲವಾದ ಮಾತೂ ಈ ಹಾಡಿನಲ್ಲಿಯೇ ಇದೆ. ಸೋಲ್ ಬಂಡಾಯಗಾರರನ್ನು ಹುಡುಕಿದರೂ ಎಲ್ಲಿಯೂ ಕಾಣಲಿಲ್ಲವೆಂದು ಗಾಯಕನು ಒಪ್ಪಿಕೊಳ್ಳುತ್ತಾನೆ.

ಇಲ್ಲಿ ವಿಮರ್ಶಕನು ನಿಲ್ಲಬೇಕಾಗುತ್ತದೆ. ಗ್ರಂಥಕರ್ತರ ಪಟ್ಟಿಯೊಂದರಿಂದ ಮೊದಲಾದ ಕೃತಿಯು ಗ್ರಂಥಕರ್ತರ ಪಟ್ಟಿಯನ್ನು ಹಳಿಯುವುದರಿಂದ ಮುಗಿಯುತ್ತದೆ. ಮೊದಲನೆಯ ಪಟ್ಟಿಯು ಹಿರಿಮೆ, ಎರಡನೆಯದು ಬಡಾಯಿ, ಹೇಗೆ? ಒಂದು ಪಟ್ಟಿಯು ಅವಮಾನಿತನು ಹಿಡಿದ ಗುರಾಣಿ, ಇನ್ನೊಂದು ಸುಖಿಯು ತೊಟ್ಟ ಆಭರಣ ಎಂಬ ಭೇದವನ್ನು ಹೇಳಬಹುದು. ಮತ್ತು ಆ ಭೇದ ಸುಳ್ಳಲ್ಲ. ಆದರೆ ಗುರಾಣಿಯನ್ನು ಹಿಡಿದವನು ತಾನು ಆ ಗ್ರಂಥಗಳೊಳಗೆ ಏನನ್ನು ಕಂಡೆನೆಂದು ಒಂದು ಮಾತನ್ನೂ ಹೇಳಲಿಲ್ಲ. ಷಾನ ವಿನೋದವಾಗಲಿ ಬೆಕೆಟನ ಮೌನವಾಗಲಿ ಹಾಡಿನೊಳಕ್ಕೆ ಬಂದಿಲ್ಲ. ಬಂದುದು ಅವರ ಹೆಸರು. ರಾಬಿನನನ್ನು ತಿವಿಯುವ ಕತ್ತಿಯ ಇನ್ನೊಂದು ಅಲಗು ತನ್ನ ಕಡೆಗೂ ತಿರುಗಿದೆಯೆಂಬುದನ್ನು ಗಾಯಕನು ಕಂಡಿದ್ದರೆ ಕೊನೆಯ ಹಾಡು ಬೈಗುಳವಾಗಿ ಉಳಿಯದೆ ಆತ್ಮವಿಮರ್ಶೆಯಾಗುತ್ತಿತ್ತು. ಅದನ್ನು ಕಾಣುವ ಪ್ರಯತ್ನ ಎಲ್ಲಿಯೂ ಇಲ್ಲವೆಂದು ಮಾತ್ರ ಹೇಳಲಾಗದು. ಹುಡುಕಿದವರು ಸಿಕ್ಕಲಿಲ್ಲವೆಂಬ ಮಾತನ್ನು ಹಾಡುವಾಗ ಅವನ ದನಿಯಲ್ಲಿ ರಾಬಿನನ ಮೇಲಿನ ಕೋಪವು ಕ್ಷಣಮಾತ್ರ ಇಳಿದು ಬೇರೊಂದು ಬಗೆಯ ಬೇಸರವು ಸುಳಿಯುತ್ತದೆ. ಮೇಳವು ಅವನನ್ನು ಅಲ್ಲಿ ನಿಲ್ಲಗೊಡದೆ ಮುಂದಕ್ಕೆ ಎಳೆದುಕೊಂಡು ಹೋಗುತ್ತದೆ.

ಗೋಷ್ಠಿಯ ನಡವಳಿಕೆಯೂ ಇದೇ ಜಾತಿಯದು. ಸಂಗೀತಪತ್ರಿಕೆಗಳ ಬರಹಗಾರರನ್ನು ನಂಬದೆ, ಅವರಿಗೆ ಸಂದರ್ಶನ ಕೊಡುವುದನ್ನು ನಿಲ್ಲಿಸಿ, ತಾವೇ ಹಣ ಕೊಟ್ಟು ಆ ಪತ್ರಿಕೆಗಳಲ್ಲಿ ಜಾಹೀರಾತಿನ ರೂಪದಲ್ಲಿ ತಮ್ಮ ಪ್ರಬಂಧಗಳನ್ನು ಅಚ್ಚು ಹಾಕಿಸಿದರು. ಇದೇ ಸಂಪುಟದ ಮುದ್ರಣ ಮುಗಿದಾಗ ಮೂಲಸುರುಳಿಗಳನ್ನು ಮುದ್ರಣಾಲಯದಿಂದ ಹೊತ್ತುಕೊಂಡು ಹೋಗಿ, ಈ.ಎಂ.ಐ. ಸಂಸ್ಥೆಯು ಒಪ್ಪಂದವನ್ನು ತಿದ್ದುವವರೆಗೆ ತಮ್ಮಲ್ಲಿಯೇ ಇಟ್ಟುಕೊಂಡರು. ಹಡಗುಕಟ್ಟೆಯ ಕೂಲಿಗಳಂತೆ ಉಣ್ಣೆಟೊಪ್ಪಿಗೆ, ದಪ್ಪ ಕೋಟು ತೊಟ್ಟು ನಿಲ್ಲುತ್ತಿದ್ದ ಇವರ ವೇಷವನ್ನು ನಾಟಕವೆಂದು ಕೆಲವರು ನಕ್ಕರು. ನಾಟಕವೇ ಸರಿ, ಪಂಕಿನಿಂದ ಬಂದವರು ಅದನ್ನು ಅಲ್ಲಗಳೆಯುತ್ತಿರಲಿಲ್ಲ. ಆದರೆ ಇಂತಹ ಬಿಗುವಿನಲ್ಲಿ ಬಹುಕಾಲ ಬದುಕುವುದು ಯಾರಿಂದಲೂ ಆಗದು. 1980 ಮುಗಿಯುವುದರೊಳಗೆ ಗೋಷ್ಠಿಯು ಒಡೆಯಿತು. ಬ್ಲೈದ್, ಸ್ಪೂನರ್, ವಿಲಿಯಮ್ಸ್ ಮೊದಲಾದವರು ಬೇರೆ ಹೋಗಿ ‘ಬ್ಯೂರೋ’ ಎಂಬ ಗೋಷ್ಠಿಯನ್ನು ಕಟ್ಟಿದರು; ಪ್ಯಾಟರ್ಸನ್ ಮಾತ್ರ ರೋಲಂಡನ ಜೊತೆಗೆ ಉಳಿದನು.

1982ರಲ್ಲಿ ಹೊಸ ಮೇಳದೊಡನೆ ಎರಡನೆಯ ಸಂಪುಟವಾದ ‘ಟೂ-ರೈ-ಎ’ ಬಂದಿತು. ಅದರಲ್ಲಿನ ‘ಕಮ್ ಆನ್ ಐಲೀನ್’ ಎಂಬ ಹಾಡು ಆ ವರ್ಷ ಬ್ರಿಟನ್ನಿನಲ್ಲಿಯೂ ಮರುವರ್ಷ ಅಮೆರಿಕದಲ್ಲಿಯೂ ಮೊದಲ ಸ್ಥಾನವನ್ನು ಪಡೆಯಿತು. ಇಂದು ಲೋಕದಲ್ಲಿ ಡೆಕ್ಸಿಸ್ ಎಂದರೆ ಹೆಚ್ಚಿನವರಿಗೆ ತಿಳಿದಿರುವುದು ಅದೊಂದೇ. ಆ ಹಾಡು ಆಕರ್ಷಕವಾಗಿಲ್ಲವೆಂದು ಯಾರೂ ಹೇಳಲಾರರು. ಆದರೆ ಎರಡು ಸಂಪುಟಗಳನ್ನು ಜೊತೆಗಿಟ್ಟು ಕೇಳುವವರು ಎರಡನೆಯದರ ಮೊದಲ ಹಾಡಿನ ಹೆಸರನ್ನು ಗಮನಿಸಬೇಕು: ‘ದಿ ಸೆಲ್ಟಿಕ್ ಸೋಲ್ ಬ್ರದರ್ಸ್’. 1980ರಲ್ಲಿ ಹೆಸರಿಲ್ಲದೆ ಎದೆಯಲ್ಲಿ ಒತ್ತಿಕೊಂಡಿದ್ದುದಕ್ಕೆ ಈಗ ಹೆಸರಾಯಿತು, ಅದರ ಸಂಗಡ ಪಿಟೀಲುಗಳೂ ಬಂದುವು. ಪಿಟೀಲುಗಳಿಗೆ ಮುಂದಿನ ಸಾಲು ಸಿಕ್ಕಿದ ಆ ವರ್ಷದಲ್ಲಿಯೇ ಪ್ಯಾಟರ್ಸನ್ ತನ್ನ ಟ್ರಾಂಬೋನನ್ನು ತೆಗೆದುಕೊಂಡು ಗೋಷ್ಠಿಯನ್ನು ಬಿಟ್ಟನು.